ಹೆಚ್ಚಾದ ಎರಡು ಕೇಕೆ

“ಪಟ್ಟಣದ ಸ್ಟುಡಿಯೋದವನ ಬಾಗಿಲಿಗೆ ನಾನು ಹೋಗೋದಾ? ನಲವತ್ತು ವರ್ಷ ಈ ದಿಣ್ಣೆಯ ರೇಡಿಯೋಗಳ ಹೊಟ್ಟೆ ಬಗೆದು ಹೊಲಿದವನು ನಾನು! ನಿಮ್ಮ ಹಾಡನ್ನ ನಾನೇ ಕಡೀತೀನಿ, ಬೆಣ್ಣೆ ತೆಗೆದು ಕೈಗಿಡ್ತೀನಿ. ಭಾನುವಾರ ಕೇಳಿ, ಆಮೇಲೆ ಮಾತಾಡಿ!”

ಗಥೇರು ಹೀಗೆ ಎದೆ ಸೆಟೆಸಿ ಸಾರಿದ್ದು ಸೋಮವಾರ, ಚರ್ಚಿನ ಅಂಗಳದಲ್ಲಿ, ತಾಯಂದಿರ ಸಂಘದ ಹದಿನಾಲ್ಕು ಹೆಂಗಸರ ಎದುರಿಗೆ. ಹದಿಮೂರು ಮಂದಿ ಚಪ್ಪಾಳೆ ತಟ್ಟಿದರು. ಹದಿನಾಲ್ಕನೆಯವಳು ಅವನ ಹೆಂಡತಿ ವಾಮುಯು. ಅವಳು ತಟ್ಟಲಿಲ್ಲ. ಗಂಡ ಬೀದಿಯಲ್ಲಿ ಹೊತ್ತು ತಂದ ಜಂಬವನ್ನೆಲ್ಲ ಮನೆಯಲ್ಲಿ ಇಳಿಸಿಕೊಳ್ಳಬೇಕಾದವಳು ಅವಳೇ ತಾನೆ!

ಭಾನುವಾರ ಚರ್ಚಿನ ಹೊಸ ಸಭಾಭವನ ತೆರೆಯುವುದಿತ್ತು. ಬಾಗಿಲು ತೆರೆಯುವ ಹೊತ್ತಿಗೆ ತಾಯಂದಿರ ಹಾಡು ಮೊಳಗಬೇಕು, ಹಾಡಿನ ಕೊನೆಗೆ ವಾಮುಯುವಿನ ಕೇಕೆ ಬರಬೇಕು. ಅವಳ ಕೇಕೆ ಎಂದರೆ ಸಾಮಾನ್ಯದ್ದಲ್ಲ. ನಾಲಗೆಯನ್ನು ಅತ್ತಿತ್ತ ಹೊರಳಿಸಿ “ಅರಿರಿರಿರಿರೀ!” ಎಂದಳೆಂದರೆ ಗಕೀರಾ ದಿಣ್ಣೆಯಲ್ಲಿ ಹುಟ್ಟಿದ ದನಿ ಕಣಿವೆ ಹಾರಿ ಎದುರು ದಿಣ್ಣೆಯ ಕೋಳಿಗಳನ್ನು ಗೂಡಿಗೆ ಸೇರಿಸುತ್ತಿತ್ತು. ಇಪ್ಪತ್ತು ಹೆಂಗಸರು ಒಟ್ಟಿಗೆ ಕೇಕೆ ಹಾಕಿದರೂ ‘ಅದೋ, ಅದು ವಾಮುಯುವಿನದು’ ಎಂದು ಆರಿಸಿ ಹೇಳುವವರು ಮುರಂಗಾ ಸೀಮೆಯಲ್ಲಿ ಬೇಕಾದಷ್ಟಿದ್ದರು.

ಆ ಕೇಕೆಗೆ ಈ ವರ್ಷ ಇನ್ನೂ ದೊಡ್ಡ ಕೆಲಸವೊಂದು ಕಾದಿತ್ತು. ಗಥೇರು ದಂಪತಿಗೆ ಇರುವವನು ಒಬ್ಬನೇ ಮಗ, ಇರುಂಗು. ಹಾಲಿನ ಸಂಘದ ಲಾರಿ ಓಡಿಸುತ್ತಿದ್ದ. ಅವನ ಹೆಂಡತಿ ಮುಕಾಮಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸಿರು ನಿಂತು, ಈಗ ತುಂಬು ತಿಂಗಳು. ಇನ್ನೊಂದು ಕೂಸಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಇದೊಂದು ಸುಖವಾಗಿ ಕೈಗೆ ಬಂದರೆ ಸಾಕೆಂದು ದಿಣ್ಣೆಗೆ ದಿಣ್ಣೆಯೇ ಮೊಣಕಾಲೂರಿ ಬೇಡಿಕೊಳ್ಳುತ್ತಿತ್ತು. ಚೊಚ್ಚಲ ಕೂಸು ಗಂಡಾದರೆ ತಂದೆಯ ಅಪ್ಪನ ಹೆಸರು, ಅಂದರೆ ಗಥೇರು. ಹೆಣ್ಣಾದರೆ ತಂದೆಯ ಅವ್ವನ ಹೆಸರು, ಅಂದರೆ ವಾಮುಯು. ಹೆಸರು ಹೀಗೆ ಮೊಮ್ಮಕ್ಕಳಲ್ಲಿ ತಿರುಗಿ ಬಂದರೆ ಮನುಷ್ಯ ಪೂರ್ತಿಯಾಗಿ ಸಾಯುವುದಿಲ್ಲ ಎಂದು ಅಲ್ಲಿನವರ ನಂಬಿಕೆ. ಬರುವುದು ಒಂದೇ ಕೂಸು, ಸಾಲಿನಲ್ಲಿ ನಿಂತ ಹೆಸರು ಎರಡು!

ಎದುರು ದಿಣ್ಣೆಯ ದರ್ಜಿ ಕಬೂಗಿ, ಗಥೇರುವಿನ ಓರಗೆಯವನು, ಆಗಲೇ ಒಬ್ಬ ಮೊಮ್ಮಗ ಕಬೂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆ ಸುತ್ತುತ್ತಿದ್ದ. “ನಾವೀಗ ಇಬ್ಬರು ಕಣಯ್ಯಾ, ನೀನಿನ್ನೂ ಒಬ್ಬನೇ” ಎಂದು ಸಿಕ್ಕಾಗಲೆಲ್ಲ ಚುಚ್ಚುತ್ತಿದ್ದ. ಆ ಸೂಜಿ ಗಥೇರುವಿನ ಎದೆಯಲ್ಲಿ ಮುರಿದುಕೊಂಡು ಕೂತಿತ್ತು.

ಹುಟ್ಟಿದ್ದು ಏನೆಂದು ಊರಿಗೆ ಸಾರುವುದೂ ಕೇಕೆಯೇ. ಗಂಡಿಗೆ ಐದು, ಹೆಣ್ಣಿಗೆ ಮೂರು. ಕೇಳಿದ ಹೆಂಗಸರು ಎಣಿಸಿಕೊಂಡು ಅಷ್ಟೇ ಮರುಕೇಕೆ ಹಾಕಿದ ಮೇಲೆಯೇ ಆ ಕೂಸು ಊರಿನದಾಗುವುದು. ಹಾಗಾಗಿ ಮನೆಯಲ್ಲಿ ಸಂಜೆಯ ಗಂಜಿಯ ಜೊತೆ ದಿನವೂ ಇದೇ ನಂಚಿಕೊಳ್ಳುವ ಮಾತು.

“ಇರುಂಗು ಅವ್ವಾ, ಗಂಟಲು ಜೋಪಾನ. ಐದು ಸಲ ಕೂಗೋದಿದೆ.”

“ಮೂರಕ್ಕೆ ಸಾಕಾಗೋಷ್ಟು ಇಟ್ಕೊಂಡಿದ್ದೀನಿ.”

“ಈ ಮನೇಲಿ ಇನ್ನೊಬ್ಬ ಗಥೇರು ಬೇಡ್ವೇನೇ ನಿಂಗೆ?”

“ಇರೋ ಒಬ್ಬನ್ನ ಸಾಕೋದ್ರಲ್ಲೇ ನನ್ನ ಅರ್ಧ ಹಲ್ಲು ಉದುರಿದೆ!”

ನಗೆಯ ಮಾತೇ. ಆದರೂ ನಕ್ಕಾದ ಮೇಲೆ ಅವಳು ಒಲೆಯ ಕಡೆ ತಿರುಗಿ, ಉರಿಯುತ್ತಿರುವ ಕಟ್ಟಿಗೆಯನ್ನೇ ಮತ್ತೆ ಮತ್ತೆ ಒಳಗೆ ದೂಡುವುದನ್ನು ಗಥೇರು ಕಂಡಿದ್ದ. ಒಬ್ಬನೇ ಮಗನನ್ನು ಹೆತ್ತ ಹೆಂಗಸು ತನ್ನ ಹೆಸರು ಎಲ್ಲಿ ಇಳಿಯುತ್ತದೋ ಎಂದು ಕಾಯುವುದು ಎಂಥದೆಂದು ಅವನಿಗೆ ತಿಳಿಯದ್ದಲ್ಲ. ತಿಳಿದೂ, ಐದು ಬೆರಳನ್ನು ಬಿಚ್ಚಿ ಅವಳ ಮುಂದೆ ಆಡಿಸುತ್ತಿದ್ದ.

ಹಾಡಿನ ಧ್ವನಿಮುದ್ರಣ ನಡೆದದ್ದು ಮಂಗಳವಾರ, ಅವನ ಮನೆಯಂಗಳದ ಮೂಲೆಯ ರೇಡಿಯೋ ಅಂಗಡಿಯಲ್ಲಿ. ಅಂಗಡಿಗೆ ಈಗ ರೇಡಿಯೋ ತರುವವರಿಲ್ಲ. ಆ ದುಃಖಕ್ಕೆ ಗಥೇರು ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡು, ಹಾಡು ಜೋಡಿಸುವ ಸಾಫ್ಟ್‌ವೇರನ್ನು ಗುರುವಿಲ್ಲದೆ ಮೂರು ತಿಂಗಳಲ್ಲಿ ಅರೆದು ಕುಡಿದಿದ್ದ. ಅರೆದದ್ದು ನಿಜ, ಎಷ್ಟು ಗಂಟಲಿಗಿಳಿದಿತ್ತು ಎನ್ನುವುದು ಬೇರೆ ವಿಚಾರ. ಹದಿನಾಲ್ಕು ಹೆಂಗಸರು ಸೊಗಸಾಗಿಯೇ ಹಾಡಿದರು. ವಾಮುಯು ಕೇಕೆ ಎತ್ತಿದಳು. ಅಷ್ಟರಲ್ಲಿ ಅಂಗಳದ ಹುಂಜಕ್ಕೆ ಏನು ಅವಮಾನವಾಯಿತೋ, ಅದೂ ಕತ್ತು ನಿಗುರಿಸಿ ಪೈಪೋಟಿಗೆ ನಿಂತಿತು!

ಹುಂಜವನ್ನು ಕತ್ತರಿಸಿ ತೆಗೆದಾಗ ವಾಮುಯುವಿನ ಪಾಲಿಗೆ ಉಳಿದದ್ದು ಎರಡೇ ಸೆಕೆಂಡಿನ ತುಣುಕು.

“ಎರಡು ಸೆಕೆಂಡಾ? ನಾಭಿಯಿಂದ ಎತ್ತಿ ಕೂಗಿದ್ನಲ್ಲ, ಮಿಕ್ಕಿದ್ದೆಲ್ಲಿ?”

“ಮಿಕ್ಕಿದ್ದು ಹುಂಜದ್ದು.”

“ಹಾಗಾದ್ರೆ ಹಿಡ್ಕೊಳ್ಳಿ ಆ ಮೈಕನ್ನ, ಇನ್ನೊಂದ್ಸಲ ಕೂಗ್ತೀನಿ. ಅರ್ಧ ನಿಮಿಷದ ಕೆಲಸ.”

“ಬೇಡ ಬೇಡ! ಎರಡು ಸೆಕೆಂಡು ಧಾರಾಳ ಆಯ್ತು. ಅದನ್ನ ಹಿಗ್ಗಿಸ್ತೀನಿ, ಏರಿಸ್ತೀನಿ, ಮತ್ತೆ ಮತ್ತೆ ಬರೋ ಹಾಗೆ ಮಾಡ್ತೀನಿ. ಕ್ಲಿಪ್ಪಿನ ಸೆಟಿಂಗ್ಸು ಅಂತ ಒಂದಿದೆ. ಅದೆಲ್ಲ ನಿಂಗೆ ತಿಳಿಯಲ್ಲ.”

ಅರ್ಧ ನಿಮಿಷದ ಆ ಕೇಕೆಯನ್ನು ಅವನು ಬೇಡವೆಂದನಲ್ಲ, ಮುಂದಿನ ಅನಾಹುತಕ್ಕೆಲ್ಲ ಗುದ್ದಲಿ ಪೂಜೆ ಆದದ್ದು ಅಲ್ಲಿ!

ಗುರುವಾರ ಬೆಳಿಗ್ಗೆ ವಾಮುಯು ಚಹಾ ಎಲೆಯ ಬುಟ್ಟಿ ಬೆನ್ನಿಗೇರಿಸಿಕೊಂಡು ತೂಕದ ಕಟ್ಟೆಗೆ ಹೋದಳು. ಗಥೇರು ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಕೂತ. ಪರದೆಯ ಮೇಲೆ ಹೆಂಡತಿಯ ದನಿ ಒಂದು ಹಸಿರು ಪಟ್ಟಿಯಾಗಿ, ಮುಳ್ಳುಹಂದಿಯ ಹಾಗೆ ಮೈಯೆಲ್ಲ ಮುಳ್ಳೆಬ್ಬಿಸಿಕೊಂಡು ಮಲಗಿತ್ತು. ಅದರ ಮೇಲೆ ಎರಡು ಸಲ ಒತ್ತಿದರೆ ಕೆಳಗೆ ಪೆಟ್ಟಿಗೆಯೊಂದು ತೆರೆದುಕೊಂಡು, ಸಾಲುಸಾಲಾಗಿ ಗುಂಡಿಗಳು ಕಾಣಿಸುತ್ತಿದ್ದವು. ನಲವತ್ತು ವರ್ಷದ ಸಂಸಾರದಲ್ಲಿ ವಾಮುಯುವಿನ ದನಿಯನ್ನು ಏರಿಸುವ ಇಳಿಸುವ ಗುಂಡಿ ಗಥೇರುವಿನ ಕೈಗೆ ಸಿಕ್ಕಿದ್ದು ಅದೇ ಮೊದಲು! ಬಿಟ್ಟಾನೆಯೆ?

ಮೊದಲು ಶ್ರುತಿಯ ಗುಂಡಿ. ಏಳು ಮೆಟ್ಟಿಲು ಇಳಿಸಿದ. ವಾಮುಯು ಹೋರಿಯಾದಳು. ಗಾಬರಿಯಾಗಿ ಹನ್ನೆರಡು ಮೆಟ್ಟಿಲು ಹತ್ತಿಸಿದ. ಸೊಳ್ಳೆಯಾಗಿ ಕಿವಿಯೊಳಕ್ಕೇ ಹೊಕ್ಕಳು. ಅದನ್ನು ಸೊನ್ನೆಗೆ ತಂದು, ಹಿಗ್ಗಿಸುವ ಗುಂಡಿಗೆ ಕೈ ಹಾಕಿದ. ಎರಡು ಸೆಕೆಂಡು ಎಂಟಾಯಿತು ನಿಜ, ಆದರೆ ಸಂತೆಗೆ ಬರಲೊಲ್ಲದ ಆಡನ್ನು ಹಗ್ಗ ಕಟ್ಟಿ ಎಳೆದ ಹಾಗಿತ್ತು. ಇನ್ನೊಂದು ಗುಂಡಿ ಒತ್ತಿದರೆ ಕೇಕೆ ಹಿಂದುಮುಂದಾಗಿ ಕೇಳಿಸಿತು: “ರೀರಿರಿರಿರಿಅ.” ಕೊಟ್ಟ ಆಶೀರ್ವಾದವನ್ನು ಕೊಟ್ಟವರೇ ಸುರ್ರೆಂದು ಹಿಂದಕ್ಕೆ ಹೀರಿಕೊಂಡ ಹಾಗೆ! ಗಥೇರು ಬೆಚ್ಚಿ, ಕೆಡುಕು ತಟ್ಟದಿರಲೆಂದು ತುಪುಕ್ಕನೆ ಎದೆಯ ಮೇಲೆ ಉಗುಳಿಕೊಂಡು, ಎಲ್ಲವನ್ನೂ ಇದ್ದಂತೆ ಮಾಡಿದ.

ಈಗ ದನಿ ತನ್ನ ಹೆಂಡತಿಯದೇ ಆಯಿತು. ಆದರೆ ಬಹಳ ಸಣ್ಣಗೆ ಕೇಳುತ್ತಿತ್ತು. ಕೇಳದೆ ಇನ್ನೇನು? ಅವನ ಹೆಡ್‌ಫೋನಿನ ಒಂದು ಕಿವಿ ಸತ್ತು ಎರಡು ವರ್ಷವಾಗಿತ್ತು, ಇನ್ನೊಂದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು! ತಪ್ಪನ್ನು ಕಿವಿಯ ಮೇಲೆ ಹಾಕದೆ ಕ್ಲಿಪ್ಪಿನ ಮೇಲೆ ಹಾಕಿ, ಅದರ ಬಲವನ್ನು ಆರು ಡೆಸಿಬೆಲ್ ಏರಿಸಿದ. ಸಾಲದು. ಹನ್ನೆರಡು. ಸಾಲದು. ಇಪ್ಪತ್ನಾಲ್ಕು, ಗುಂಡಿ ಅಲ್ಲಿಂದ ಮುಂದೆ ಹೋಗಲೊಲ್ಲದು. “ಹಾಂ, ಈಗ ಬಂದ್ಲು ನೋಡು ನಮ್ಮವಳು!”

ಕೊನೆಗೆ ಉಳಿದದ್ದು ಲೂಪು. ತುಣುಕು ಎಷ್ಟು ಸಲ ಬರಬೇಕು ಎಂದು ಪೆಟ್ಟಿಗೆ ಕೇಳಿತು. ತಾನಾಗಿಯೇ ನಾಲ್ಕು ಎಂದು ಬರೆದುಕೊಂಡಿತ್ತು. ನಾಲ್ಕು ಕೇಕೆ ಎಂದರೆ ಏನು ಹುಟ್ಟಿದ ಹಾಗೆ? ಗಥೇರು ಅದನ್ನು ಅಳಿಸಿದ. ಬೆರಳು ಮೂರರ ಮೇಲೆ ಹೋಯಿತು, ಒಲೆಯ ಮುಂದೆ ಕೂತ ಬೆನ್ನೊಂದು ನೆನಪಾಯಿತು, ಬೆರಳು ಅಲ್ಲೇ ಒಂದು ಗಳಿಗೆ ತಡೆಯಿತು. ಆಮೇಲೆ ಸರಿದು ಐದನ್ನು ಒತ್ತಿತು. “ಹಾಡಿನ ತಾಳಕ್ಕೆ ಐದೇ ಹೊಂದೋದು” ಎಂದು ತನಗೆ ತಾನೇ ಹೇಳಿಕೊಂಡ. ತಾಳ ಪಾಪ ಬಾಯಿಲ್ಲದ್ದು, ಸುಮ್ಮನಿತ್ತು. ಕೇಕೆಕೇಕೆಯ ನಡುವೆ ಉಸಿರೆಳೆದುಕೊಳ್ಳುವಷ್ಟು ಬಿಡುವನ್ನೂ ಇಟ್ಟ.

ಭವನದಲ್ಲಿ ಹಾಡು ಬರುವುದು ಕೊಂಬಿನ ಸ್ಪೀಕರಿನಲ್ಲಿ. ಗಥೇರುವಿನ ಬೆಣ್ಣೆಹಣ್ಣಿನ ಮರದ ತುದಿಯಲ್ಲೂ ಅಂಥದೊಂದು ಕೊಂಬು ಕಟ್ಟಿತ್ತು; ದನಗಳ ಚುಚ್ಚುಮದ್ದು, ಊರ ಸಭೆ, ಯಾರದಾದರೂ ಮಣ್ಣು, ಎಲ್ಲವನ್ನೂ ಅವನು ಅದರಲ್ಲೇ ಸಾರುತ್ತಿದ್ದ. ಒಂದು ಸಲ ಮೆಲ್ಲಗೆ ಪರೀಕ್ಷೆ ಮಾಡಿಬಿಡೋಣವೆಂದು ತಂತಿ ಸಿಕ್ಕಿಸಿದ. ಆಂಪ್ಲಿಫೈಯರಿನ ಗುಂಡಿಯನ್ನು ಎಳ್ಳಷ್ಟೇ ತಿರುಗಿಸಿದ. ಎಷ್ಟು ಎಚ್ಚರದ ಮನುಷ್ಯ ನೋಡಿ! ಕ್ಲಿಪ್ಪಿನೊಳಗೆ ಇಪ್ಪತ್ನಾಲ್ಕು ಡೆಸಿಬೆಲ್ ಸಿಡಿಮದ್ದು ತುಂಬಿಟ್ಟದ್ದು ಮಾತ್ರ ಮರೆತಿದ್ದ.

“ಅರಿರಿರಿರಿರೀ!”

ಮರದಿಂದ ನಾಲ್ಕು ಕಾಯಿ ಉದುರಿದವು. ಕಣಜದ ಕೆಳಗೆ ಮಲಗಿದ್ದ ನಾಯಿ ಎದ್ದು ಚಹಾ ತೋಟಕ್ಕೆ ಬಿದ್ದು ಓಡಿತು. ಮಂಗಳವಾರದಿಂದ ಜಂಬದಲ್ಲಿದ್ದ ಹುಂಜ ಬುಟ್ಟಿಯೊಳಗೆ ತಲೆ ಹಾಕಿತು. ನಿಲ್ಲಿಸಬೇಕೆಂದು ಗಥೇರು ಕೈ ಎತ್ತಿದ. ಆದರೆ ಎಂಥ ದನಿ! ಎಂಥ ಬಿಡುವು! ಎತ್ತಿದ ಕೈ ಎತ್ತಿದ ಹಾಗೇ ನಿಂತು, ಐದೂ ಕೇಕೆ ಕಣಿವೆಯ ಮೇಲೆ ಉರುಳಿಹೋದವು.

ಆಮೇಲೆ ಎದುರು ದಿಣ್ಣೆಯಿಂದ ಕೇಕೆ. ಅದರಾಚೆಯ ದಿಣ್ಣೆಯಿಂದಲೂ. ಕೆಳಗೆ ಹೊಳೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದವರಿಂದಲೂ!

ಗಥೇರು ಎದ್ದು ನಿಂತು ಟೋಪಿ ತೆಗೆದು ಎದೆಗೊತ್ತಿಕೊಂಡ. ಮೆಚ್ಚಿದರು! ದಿಣ್ಣೆದಿಣ್ಣೆಯೂ ಒನ್ಸ್ ಮೋರ್ ಕೇಳುತ್ತಿದೆ! ಕಲಾವಿದನಾದವನು ಇಂಥ ಹೊತ್ತಿನಲ್ಲಿ ಜಿಪುಣನಾಗಬಹುದೆ? ಇನ್ನೊಂದು ಸಲ ಒತ್ತಿದ. ಮತ್ತೆ ಐದು! ಈ ಸಲ ಮರುಕೇಕೆಯ ಜೊತೆಗೆ ಗದ್ದಲವೂ ಎದ್ದಿತು. ಆಗಲಾದರೂ ಅವನಿಗೆ ಲೆಕ್ಕ ಹೊಳೆಯಲಿಲ್ಲವೆ ಎಂದು ನೀವು ಕೇಳಬಹುದು. ಹೊಗಳಿಕೆ ಕಿವಿ ತುಂಬಿದಾಗ ಯಾರಿಗೆ ಎಣಿಸಲು ಬರುತ್ತದೆ ಹೇಳಿ!

ಬಾಗಿಲಲ್ಲಿ ಮುಕಾಮಿ ಬಂದು ನಿಂತಳು. ಅದೇ ಅಂಗಳದ ಹಿಂದುಗಡೆ ಅವಳ ಮನೆ. ಒಂದು ಕೈಯಲ್ಲಿ ಸೊಪ್ಪು ಹೆಚ್ಚುವ ಚಾಕು, ಇನ್ನೊಂದು ಕೈ ಹೊಟ್ಟೆಯ ಮೇಲೆ.

“ಮಾವಾ.”

“ಕೇಳಿದ್ಯಾ ಮಗಳೇ? ದಿಣ್ಣೆಗಳೇ ಕುಣೀತಿವೆ!”

“ಕೇಳ್ದೆ ಮಾವಾ. ನಂಗೆ ಗಂಡು ಮಗು ಆಯ್ತಂತೆ.”

“ಹಾಂ?”

“ಆಮೇಲೆ ಇನ್ನೊಂದೂ ಆಯ್ತಂತೆ.” ಅವಳು ಬಗ್ಗಿ ಹೊಟ್ಟೆಯನ್ನೊಮ್ಮೆ ಒತ್ತಿ ನೋಡಿಕೊಂಡಳು. “ಇಲ್ಲೇ ಇದೆ ಅನ್ಸುತ್ತೆ. ನಂಗೆ ತಿಳೀದೆ ಹೊರಗೆ ಹೋಗೋಕಾಗಲ್ಲ, ಅಲ್ವಾ ಮಾವಾ?”

ಗಥೇರುವಿಗೆ ಆಗ ಲೆಕ್ಕ ಹೊಳೆಯಿತು: ಐದು, ಮತ್ತೆ ಐದು!

ಅದೇ ಹೊತ್ತಿಗೆ ತೂಕದ ಕಟ್ಟೆಯಲ್ಲಿ ಇನ್ನೊಂದು ಆಟ ನಡೆದಿತ್ತು. ವಾಮುಯು ಬುಟ್ಟಿ ಇಳಿಸಿ ತಕ್ಕಡಿಯ ಮುಂದೆ ನಿಂತಿದ್ದಾಗ, ಮೇಲೆ ತನ್ನ ಮನೆಯ ಕಡೆಯಿಂದ ತನ್ನದೇ ಕೇಕೆ ಕೇಳಿಸಿತು. ಸುತ್ತಲಿನ ಹೆಂಗಸರು ಮನೆಯ ಕಡೆ ನೋಡಿದರು, ಇವಳ ಬಾಯಿಯ ಕಡೆ ನೋಡಿದರು. “ನಾನಿಲ್ಲಿದ್ದೀನಲ್ರೇ, ನನ್ನ ಗಂಟಲು ಅಲ್ಲಿ ಯಾರ ಹತ್ರ ಇದೆ?” ಎನ್ನುತ್ತಾ ಬುಟ್ಟಿಯನ್ನು ಅಲ್ಲೇ ಬಿಟ್ಟು ಏರುದಾರಿ ಹಿಡಿದವಳು, ಕಾಲು ಭಾಗ ದಾರಿ ಸವೆಯುವಷ್ಟರಲ್ಲೇ ವಿಷಯವನ್ನು ಊಹಿಸಿಬಿಟ್ಟಿದ್ದಳು. ಗಂಡನೊಡನೆ ನಲವತ್ತು ವರ್ಷ ಬಾಳಿದವಳಿಗೆ ಇಷ್ಟು ಸಾಕು.

ಅಂಗಳಕ್ಕೆ ಬಂದು ಏದುಸಿರು ಬಿಡುತ್ತಾ ನಿಂತಳು. “ಎಷ್ಟು ಸಲ ಅಂತ ಆ ಮಿಷನ್ನು ಕೇಳ್ತಾ?”

“ಕೇಳ್ತು.”

“ಐದು ಅಂದಿದ್ದು ಮಿಷನ್ನಾ, ನೀವಾ?”

ಗಥೇರು ಟೋಪಿಯ ಅಂಚು ತಿರುವಿದ. “ತಾಳಕ್ಕೆ…”

“ತಾಳ ಅಂತೆ ತಾಳ! ನನ್ನ ಗಂಟಲು, ನಂಗೇ ಹೇಳದೆ ನಿಮ್ಮ ಹೆಸರು ಕೂಗ್ತು, ಇರುಂಗು ಅಪ್ಪಾ. ಮೂರು ಕೂಗೋಕೆ ಅಂತ ಇಟ್ಕೊಂಡಿದ್ದೆ ಅದನ್ನ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಅಷ್ಟನ್ನೇ ಹೇಳಿ, ತಲೆಯ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಅಂಗಳದ ಬೇಲಿ ದಾಟಿ ಹೆಂಗಸರ ಸಾಲು ಬರತೊಡಗಿತ್ತು. ಎಲ್ಲರ ಮುಂದೆ ಶೋಶೋ ನ್ಯೋಕಾಬಿ. ಎದುರು ದಿಣ್ಣೆಯ ಅಜ್ಜಿ. ಎಂಬತ್ತರ ಮೇಲೆ ವಯಸ್ಸು, ಊರೆಲ್ಲ ಅವಳನ್ನು ಶೋಶೋ ಎಂದೇ ಕರೆಯುವುದು. ಬಾಣಂತಿಗೆಂದು ಬೇಯಿಸಿದ ಕರಿ ಅವರೆಯ ಮಡಕೆ ಅವಳ ಕಂಕುಳಲ್ಲಿ. ಹಿಂದಿನವರ ಬೆನ್ನ ಮೇಲೆ ಸೌದೆ ಹೊರೆ, ತಲೆಯ ಮೇಲೆ ಬಾಳೆಗೊನೆ, ಕೈಯಲ್ಲಿ ಅಂಬಲಿಯ ಸೋರೆಬುರುಡೆ. ಅವಳಿಯೆಂದು ತಿಳಿದು ಕೂಸಿನ ಶಾಲುಗಳನ್ನೂ ಎರಡೆರಡೇ ತಂದಿದ್ದರು!

ಅವರ ಹಿಂದೆಯೇ ಹಾಲಿನ ಲಾರಿ ಗಡಗಡಿಸುತ್ತಾ ಬಂತು. ಇರುಂಗು ಬಾಗಿಲು ತೆರೆದವನೇ ಹಾರಿದ. ಹಾದಿಯುದ್ದಕ್ಕೂ ಅವನಿಗೆ ಕೈ ಬೀಸಿ “ಎರಡು, ಎರಡು” ಎಂದು ಹೇಳಿದ್ದರು.

“ಎಲ್ಲವ್ವಾ? ಎಲ್ಲಿ ಮಲಗಿಸಿದ್ದೀರಿ?” ಎಂದು ಹುಡುಕಾಡಿ, ಸೊಪ್ಪಿನ ಚಾಕು ಹಿಡಿದು ನಿಂತ ಹೆಂಡತಿಯನ್ನು ಕಂಡು, ಅವಳ ಹೊಟ್ಟೆಯನ್ನು ಕಂಡು, “ಇನ್ನೂ ಇದ್ಯಾ ಒಳಗೆ?” ಎಂದು ಅಲ್ಲೇ ಕುಸಿದು ಕೂತ.

“ಎಲ್ಲರೂ ಸುಮ್ನಿರಿ! ಒಂದೇ ನಿಮಿಷ! ಇದು ಸುಳ್ಳು ಅಂತ ಕೊಂಬಿನಲ್ಲೇ ಹೇಳಿ ಮುಗಿಸ್ತೀನಿ!” ಗಥೇರು ಮೈಕಿಗೆ ಕೈ ಚಾಚಿದ. ಅವಸರದಲ್ಲಿ ಮೊಣಕೈ ಕೀಲಿಮಣೆಯ ಮೇಲೆ ಬಿತ್ತು.

“ಅರಿರಿರಿರಿರೀ!” ಎಂದಿತು ಮರ. ಒಂದು, ಎರಡು, ಮೂರು, ನಾಲ್ಕು, ಐದು!

“ಮೂರನೇದೂ ಗಂಡೇ!” ಎಂದಳು ಶೋಶೋ ನ್ಯೋಕಾಬಿ, ಮಡಕೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸುತ್ತಾ.

ವಾಮುಯು ನೇರ ಒಳಗೆ ಹೋಗಿ ತಂತಿಯನ್ನು ಬುಡಸಮೇತ ಕಿತ್ತು ಹಾಕಿದಳು. ಕೊಂಬು ‘ಗೊರ್’ ಎಂದು ಪ್ರಾಣ ಬಿಟ್ಟಿತು. ಆಮೇಲೆ ಗಥೇರು ಎಲ್ಲರೆದುರು ನಿಂತು, ಶ್ರುತಿಯಿಂದ ಹಿಡಿದು ಲೂಪಿನವರೆಗೆ ಒಂದೊಂದೇ ಬಿಡಿಸಿ ಒಪ್ಪಿಕೊಂಡ. ಡೆಸಿಬೆಲ್ಲಿನ ವಿವರಣೆಗೆ ಯಾರೂ ಕಿವಿಗೊಡಲಿಲ್ಲ.

“ಬಾಣಂತಿಗೆ ಅಂತ ತಂದ ಅವರೆ ಇದು” ಎಂದಳು ಶೋಶೋ. “ಬಾಣಂತಿ ಎಲ್ಲಿ? ನಿಂಗೇ ಕೊಡ್ಲಾ ಗಥೇರು? ಮೂರೂ ಹೆತ್ತವನು ನೀನೇ ತಾನೆ?”

ಅಂಗಳ ಬಿರಿಯುವಂತೆ ನಕ್ಕರು. ನಕ್ಕು, ಬೈದು, ಸೌದೆಯನ್ನೂ ಗೊನೆಯನ್ನೂ ಮತ್ತೆ ಹೊತ್ತುಕೊಂಡು ಬಂದ ದಾರಿಯಲ್ಲೇ ಇಳಿದು ಹೋದರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಮುಕಾಮಿ. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮಧ್ಯಾಹ್ನದ ಊಟದ ಹೊತ್ತಿಗೂ ಅವಳು ಹೊಟ್ಟೆ ಹಿಡಿದುಕೊಂಡೇ ಇದ್ದಳು. ಆದರೆ ಆಗ ನಗುತ್ತಿರಲಿಲ್ಲ.

ಖಾಲಿ ಕ್ಯಾನುಗಳ ನಡುವೆ ಹಾಸಿಗೆ ಹಾಸಿ, ಆಸ್ಪತ್ರೆಗೆಂದು ಅವಳನ್ನು ಲಾರಿಗೆ ಹತ್ತಿಸಿದರು. ಜೊತೆಗೆ ವಾಮುಯುವೂ ಹತ್ತಿದಳು. ಹತ್ತಿದ ಮೇಲೆ ಗಂಡನ ಕಡೆ ತಿರುಗಿ ಒಂದೇ ಮಾತು ಹೇಳಿದಳು. “ಆ ಪೆಟ್ಟಿಗೆ ಮುಟ್ಟಿದ್ರೆ ಬೆರಳು ಮುರೀತೀನಿ.”

ಗಥೇರು ಮುಟ್ಟಲಿಲ್ಲ. ಅಂಗಡಿಯ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಎದುರಿನ ರಸ್ತೆಯನ್ನೇ ನೋಡಿದ. ಐದೋ ಮೂರೋ ಎನ್ನುವುದು ಒಂದು ಗಂಟೆಯ ತನಕ ತಲೆಯಲ್ಲಿ ಸುತ್ತಿತು. ಎರಡನೆಯ ಗಂಟೆಗೆ ಅದು ಹೋಗಿ, ಸೊಸೆ ಸುಖವಾಗಿದ್ದರೆ ಸಾಕು ಎಂಬುದೊಂದೇ ಉಳಿಯಿತು. ಮೂರನೆಯ ಗಂಟೆಗೆ ಅವನು ಹುಂಜಕ್ಕೂ ಕ್ಷಮೆ ಕೇಳುವ ಸ್ಥಿತಿಗೆ ಬಂದಿದ್ದ.

ಬಿಸಿಲು ಬಾಗುವ ಹೊತ್ತಿಗೆ ಲಾರಿ ಬಂತು. ವಾಮುಯು ಇಳಿದಳು. ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

“ಇಬ್ಬರೂ ಚೆನ್ನಾಗಿದ್ದಾರೆ. ನಾಳೆ ಬೆಳಿಗ್ಗೆ ಕರ್ಕೊಂಡು ಬರೋದು” ಎಂದಳು. ಆಮೇಲೆ ಮೂರು ಬೆರಳು ಎತ್ತಿ ತೋರಿಸಿದಳು. “ಹೆಣ್ಣು.”

ಗಥೇರುವಿನ ಎದೆಯೊಳಗೆ ಆ ಸೂಜಿ ಒಮ್ಮೆ ಚುಳಕ್ಕೆಂದದ್ದು ನಿಜ. ಆದರೆ ಹೆಂಡತಿಯ ಮುಖ ನೋಡಿದ. ಅಷ್ಟು ಬೆಳಗಿದ ಆ ಮುಖವನ್ನು ಅವನು ನೋಡಿ ಎಷ್ಟೋ ವರ್ಷವಾಗಿತ್ತು.

ಅವಳು ಅಂಗಳದ ನಡುವೆ ಹೋಗಿ ನಿಂತು, ಸೊಂಟದ ಬಟ್ಟೆ ಬಿಗಿದುಕೊಂಡು, ಕಣಿವೆಯ ಕಡೆ ಮುಖವೆತ್ತಿ ಕೂಗಿದಳು. ಕೊಂಬಿಲ್ಲ, ತಂತಿಯಿಲ್ಲ, ನಾಭಿಯಿಂದೆದ್ದ ದನಿ. ಒಂದು. ಎರಡು. ಮೂರು. ನಿಲ್ಲಿಸಿ, ಕಿವಿಗೆ ಕೈ ಅಡ್ಡ ಇಟ್ಟು ಕಾದಳು.

ಎದುರು ದಿಣ್ಣೆಯಿಂದ ಬಂದದ್ದು ನಗು. ಆಮೇಲೆ ಯಾವಳೋ ಒಬ್ಬಳ ಕೂಗು: “ವಾಮುಯೂ! ನಿನ್ನ ಗಂಡನಿಗೆ ಹೇಳು, ಈ ಸಲ ಎರಡು ಕಮ್ಮಿ ಬಿತ್ತು ಅಂತ!”

ಮತ್ತೊಮ್ಮೆ ಮೂರು ಕೂಗಿದಳು. ಈ ಸಲ ನಗುವೂ ಬರಲಿಲ್ಲ. ಒಬ್ಬೊಬ್ಬರಾಗಿ ತಮ್ಮ ಕೆಲಸಕ್ಕೆ ಹೋಗಿಬಿಟ್ಟಿದ್ದರು. “ನಾನೇ ಕಣ್ರೇ, ಇದು ನಾನೇ” ಎಂದು ವಾಮುಯು ಮೆಲ್ಲಗೆ ಹೇಳಿಕೊಂಡು, ಒರಳಿನ ಪಕ್ಕದ ಕಲ್ಲಿನ ಮೇಲೆ ಕೂತಳು. ಇಷ್ಟು ವರ್ಷ ಕಾದ ಮೂರು ಕೇಕೆ, ಮರುಕೇಕೆ ಕೊಡುವವರಿಲ್ಲ!

ಗಥೇರುವಿಗೆ ಅದನ್ನು ನೋಡಿಕೊಂಡು ನಿಲ್ಲಲಾಗಲಿಲ್ಲ. ಫೋನು ತೆಗೆದು ದರ್ಜಿ ಕಬೂಗಿಗೆ ಹಚ್ಚಿದ.

“ಕಬೂಗಿ, ಹೆಣ್ಣು ಮಗು ಕಣೋ. ನಿಜವಾಗ್ಲೂ.”

“ದನಿ ನಿಂದೇ ಥರ ಇದೆ. ಎಷ್ಟು ಸೆಕೆಂಡಿನ ತುಣುಕು ಇದು?” ಎಂದು ಕೇಳಿ ಅವನು ಫೋನಿಟ್ಟ.

ಸರಿ. ಗಥೇರು ಕೋಟು ಹಾಕಿಕೊಂಡ, ಟೋಪಿ ಇಟ್ಟ, ಕೋಲು ಹಿಡಿದ. ಕಣಿವೆಯ ಇಳಿಜಾರನ್ನು ಕೂತೂ ಎದ್ದೂ ಇಳಿದು, ಮರದ ದಿಮ್ಮಿಯ ಮೇಲೆ ಹೊಳೆ ದಾಟಿ, ಅತ್ತಲಿನ ಏರನ್ನು ಮೊಣಕಾಲು ಹಿಡಿದುಕೊಂಡು ಹತ್ತಿದ. ಮೊದಲು ಸಿಕ್ಕಿದ್ದು ಶೋಶೋ ನ್ಯೋಕಾಬಿಯ ಮನೆ. ಮುದುಕಿ ಅಂಗಳದಲ್ಲಿ ಕೂತು ಅದೇ ಅವರೆಯನ್ನು ಉಣ್ಣುತ್ತಿದ್ದಳು.

“ಶೋಶೋ, ಹೆಣ್ಣು ಹುಟ್ಟಿದೆ. ಮೂರು ಕೇಕೆ.”

“ಹೌದಾ? ಕೂಗಿ ತೋರ್ಸು.”

“ನಾನು ಗಂಡಸು ಶೋಶೋ!”

“ಬೆಳಿಗ್ಗೆ ಮರದ ಮೇಲಿಂದ ಕೂಗಿಸ್ದಾಗ ಏನಾಗಿದ್ದೆ?”

ಗಥೇರು ಅತ್ತಿತ್ತ ನೋಡಿ, ಟೋಪಿ ಕೆಳಗಿಟ್ಟು, ಕಣ್ಣು ಮುಚ್ಚಿ, ನಾಲಗೆ ಹೊರಳಿಸಿದ. ನಾಲಗೆ ಹೊರಳಲೊಲ್ಲದು, ಕುತ್ತಿಗೆ ಅಮುಕಿದ ಹುಂಜದ ಹಾಗೊಂದು ಸದ್ದು ಬಂತು. ಮುದುಕಿಯ ನಾಯಿ ಎದ್ದು ಬಂದು ಅವನ ಬಾಯನ್ನೇ ನೋಡಿ, ಬೇಸರದಿಂದ ಹೋಗಿ ಮಲಗಿತು. ಪಕ್ಕದ ಮನೆಗಳ ಹೆಂಗಸರು ಬೇಲಿಗೆ ಬಂದು ನಿಂತರು. ಆದರೂ ಬಿಡಲಿಲ್ಲ, ಮೂರೂ ಮುಗಿಸಿದ.

“ಎಣಿಸಿದ್ರಾ?”

“ಎಣಿಸೋ ಅಂಥದ್ದೇನಾಗಿರ್ಲಿಲ್ಲ” ಎಂದಳು ಶೋಶೋ. ಆದರೂ ತಟ್ಟೆ ಬದಿಗಿಟ್ಟು ಕೋಲು ಹುಡುಕಿದಳು. “ನಡಿ, ಕಬೂಗಿ ಹತ್ರ ಹೋಗೋಣ. ನಿನ್ನನ್ನ ಚಿಕ್ಕಂದಿನಿಂದ ಬಲ್ಲವನು. ಅವನು ನಂಬಿದ್ರೆ ಎಲ್ಲರೂ ನಂಬ್ತಾರೆ.”

ಮುಂದೆ ಗಥೇರು, ಹಿಂದೆ ಮುದುಕಿ, ಅವಳ ಹಿಂದೆ ಬೇಲಿಬೇಲಿಯಿಂದ ಸೇರಿಕೊಂಡ ಹೆಂಗಸರು. ದರ್ಜಿ ಕಬೂಗಿ ಜಗುಲಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಅಳತೆ ಟೇಪು ಕೊರಳಲ್ಲಿ, ಮೊಮ್ಮಗ ಕಬೂಗಿ ತೊಡೆಯ ಮೇಲೆ. ಕಾಲು ತುಳಿಯುವುದನ್ನು ನಿಲ್ಲಿಸಿ, ಕನ್ನಡಕ ಮೂಗಿನ ತುದಿಗೆ ಜಾರಿಸಿ, ಕೋಟಿಗೆ ಅಳತೆ ತೆಗೆಯುವವನ ಹಾಗೆ ಗಥೇರುವನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಪ್ಯಾಂಟಿನ ತುಂಬ ಹೊಳೆಯ ಕೆಸರು, ಮುಖದ ತುಂಬ ಬೆವರು.

“ಏನು ಹುಟ್ಟಿದ್ದು?”

“ಹೆಣ್ಣು.”

“ಯಾರು ಹೇಳ್ತಿರೋದು?”

“ನಾನು. ನನ್ನ ಬಾಯಲ್ಲಿ.”

“ಹೆಸರು?”

ಗಥೇರು ಮುಖದ ಬೆವರೊರೆಸಿಕೊಂಡ. ಕಬೂಗಿಯ ತೊಡೆಯ ಮೇಲಿನ ಪುಟ್ಟ ಕಬೂಗಿ ಅವನನ್ನೇ ಪಿಳಿಪಿಳಿ ನೋಡುತ್ತಿತ್ತು.

“ವಾಮುಯು” ಎಂದ.

“ಕೇಳಿಸ್ಲಿಲ್ಲ. ಸ್ವಲ್ಪ ಗುಂಡಿ ಏರ್ಸು.”

“ವಾಮುಯು! ನನ್ನ ಹೆಂಡ್ತಿ ಹೆಸರು! ಗಥೇರು ಅಲ್ಲ, ಇನ್ನು ಗಥೇರು ಬರೋದೂ ಇಲ್ಲ, ಸಾಕಾ? ಅವಳು ಅಲ್ಲಿ ಕಲ್ಲಿನ ಮೇಲೆ ಕೂತ್ಕೊಂಡು ಕಾಯ್ತಿದ್ದಾಳೆ ಕಣೋ, ಕೂಗ್ಸು!”

ಕಬೂಗಿ ಕನ್ನಡಕ ಮೇಲಕ್ಕೆ ದೂಡಿ ಮನೆಯೊಳಕ್ಕೆ ತಿರುಗಿ ಕೂಗಿದ. “ಬಾರೇ ಹೊರಗೆ, ಇದು ನಿಜಾನೇ! ಈ ಮುದುಕ ಸುಳ್ಳು ಹೇಳೋದಾಗಿದ್ರೆ ಗಂಡು ಅಂತಿದ್ದ!”

ದರ್ಜಿಯ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಬಾಯಿ ತೆರೆದಳು. ಜೊತೆಗೆ ಶೋಶೋ, ಜೊತೆಗೆ ಜಗುಲಿಯ ಕೆಳಗೆ ನಿಂತ ಹೆಂಗಸರೆಲ್ಲ. ಕಣಿವೆಯಾಚೆ ಒರಳಿನ ಪಕ್ಕದಿಂದ ಒಂದು ಸಣ್ಣ ಆಕಾರ ದಡಕ್ಕನೆ ಎದ್ದು ನಿಂತದ್ದು ಗಥೇರುವಿಗೆ ಕಂಡಿತು. ಅವನು ಬೆರಳು ಮಡಿಸುತ್ತಾ ಎಣಿಸಿದ. ಒಂದು. ಎರಡು. ಮೂರು.

ಮಿಕ್ಕ ಎರಡು ಬೆರಳು ಅಭ್ಯಾಸಬಲದಿಂದ ಇನ್ನೂ ಸ್ವಲ್ಪ ಹೊತ್ತು ಕಾದವು. ಆಮೇಲೆ ಅವನು ಅವನ್ನೂ ಮಡಿಸಿ, ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡ.